ರೂಟರ್‌ನಿಂದ ಗೊತ್ತಿಲ್ಲದ ವೈಫೈ ಹೆಸರು ಬರ್ತಿದೆಯಾ? ಪತ್ತೆ ಹಚ್ಚಿ ಆಫ್ ಮಾಡೋದು ಹೀಗೆ

ಅಂಗಡಿಯಲ್ಲಿ ಇರೋದು ಒಂದೇ ಇಂಟರ್ನೆಟ್ ಕನೆಕ್ಷನ್. ಆದರೆ ಮೊಬೈಲ್‌ನ ವೈಫೈ ಪಟ್ಟಿಯಲ್ಲಿ ಫುಲ್ ಸಿಗ್ನಲ್ ಇರೋ ಇನ್ನೊಂದು ಹೆಸರು ಕಾಣುತ್ತೆ, ಅದಕ್ಕೆ ಬೀಗದ ಚಿಹ್ನೆಯೂ ಇಲ್ಲ. ಪಕ್ಕದವರದ್ದು ಅಂದ್ಕೊಂಡು ಸುಮ್ಮನಾಗೋರೇ ಜಾಸ್ತಿ. ಅದು ಸ್ವಂತ ರೂಟರ್‌ನದ್ದೇ ಆಗಿರಬಹುದು.

ಒಂದೇ ಡಬ್ಬಿ, ಹಲವು ಹೆಸರು

ಒಂದು ರೂಟರ್ ಒಂದೇ ಸಲಕ್ಕೆ ಹಲವು ವೈಫೈ ಹೆಸರುಗಳನ್ನು ಬಿಡಬಲ್ಲದು. ಈ ಹೆಸರಿಗೆ ಎಸ್‌ಎಸ್‌ಐಡಿ ಅಂತಾರೆ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಎರಡು ಹೆಸರು ಇರೋದು ಮಾಮೂಲು. ಮೂರನೆಯದು ಇದ್ದರೆ ಅದು ಗೆಸ್ಟ್ ನೆಟ್‌ವರ್ಕ್ ಅಥವಾ ಕಂಪನಿಯೇ ಹಾಕಿದ ಸಾರ್ವಜನಿಕ ಹಾಟ್‌ಸ್ಪಾಟ್ ಇರಬಹುದು.

ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಗ್ರಾಹಕರ ಮನೆ ರೂಟರ್‌ಗಳಲ್ಲೇ ‘ಎಕ್ಸ್‌ಫಿನಿಟಿವೈಫೈ’ ಹೆಸರಿನ ಹಾಟ್‌ಸ್ಪಾಟ್ ಶುರು ಮಾಡಿತ್ತು. ಅನುಮತಿ ಕೇಳಿಲ್ಲ, ಕರೆಂಟ್ ಖರ್ಚು ನಮ್ಮದು ಎಂದು ಗ್ರಾಹಕರು 2014ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟ್‌ಗೆ ಹೋದರು. ಬೇಡದವರು ಆಫ್ ಮಾಡಿಕೊಳ್ಳಬಹುದು ಅನ್ನೋದು ಕಂಪನಿ ವಾದ.

ನಮ್ಮಲ್ಲಿ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಬೇರೆ ಥರ. ಇದರಲ್ಲಿ ಅಂಗಡಿಯವರೇ ಇಷ್ಟಪಟ್ಟು ಪಿಡಿಒ ಆಗಿ ವೈಫೈ ಕೊಡಬೇಕು. ಅದಕ್ಕೆ ಲೈಸೆನ್ಸ್ ಬೇಡ. ಬಳಸುವವರ ಲಾಗಿನ್, ಲೆಕ್ಕವನ್ನು ಪಿಡಿಒಎ ಸಂಸ್ಥೆ ನೋಡಿಕೊಳ್ಳುತ್ತೆ.

ಹುಡುಗಾಟ ಅಲ್ಲ

2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈನ ಮನೆಯೊಂದರ, ಪಾಸ್‌ವರ್ಡ್ ಇಲ್ಲದ ವೈಫೈನಿಂದ. ಪೊಲೀಸರು ಮೊದಲು ಹೋಗಿದ್ದು ಆ ಮನೆಗೇ. ಐಪಿ ಅಡ್ರೆಸ್ ತೋರಿಸೋದು ಬಳಸಿದವರನ್ನಲ್ಲ, ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನು.

ಪರೀಕ್ಷೆ ಮಾಡೋದು ಹೇಗೆ?

1. ರೂಟರ್ ಸ್ವಿಚ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಪಟ್ಟಿ ನೋಡಿ. ಹೆಸರು ಮಾಯವಾಗಿ, ಆನ್ ಮಾಡಿದಾಗ ಮತ್ತೆ ಬಂದರೆ ಅದು ನಿಮ್ಮದೇ. ‘ಡೈರೆಕ್ಟ್’ ಎಂದು ಶುರುವಾಗುವ ಹೆಸರು ಸಾಮಾನ್ಯವಾಗಿ ಪ್ರಿಂಟರ್ ಅಥವಾ ಟಿವಿಯದ್ದು.

2. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ. ಸರಿಯಾದ ಅಡ್ರೆಸ್, ಲಾಗಿನ್ ಸಾಮಾನ್ಯವಾಗಿ ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತೆ.

3. ಡಬ್ಲ್ಯುಲ್ಯಾನ್ ಅಥವಾ ವೈರ್‌ಲೆಸ್ ವಿಭಾಗದಲ್ಲಿ ಎಸ್‌ಎಸ್‌ಐಡಿ ಪಟ್ಟಿ, ಗೆಸ್ಟ್ ನೆಟ್‌ವರ್ಕ್ ಎರಡನ್ನೂ ನೋಡಿ. ಬೇಡದ್ದನ್ನು ಡಿಸೇಬಲ್ ಮಾಡಿ ಸೇವ್ ಒತ್ತಿ.

4. ವೈಫೈ ಪಾಸ್‌ವರ್ಡ್ ಜೊತೆ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ. ಸೆಕ್ಯುರಿಟಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಡಬ್ಲ್ಯುಪಿಎಸ್ ಆಫ್ ಇರಲಿ.

ಮತ್ತೆ ಮತ್ತೆ ಬಂದರೆ?

ಕಂಪನಿ ಕೊಟ್ಟ ರೂಟರ್‌ನ ಸೆಟ್ಟಿಂಗ್‌ಗಳನ್ನು ಕಂಪನಿಯವರು ದೂರದಿಂದಲೇ ಬದಲಿಸಲು ಸಾಧ್ಯ. ಆಫ್ ಮಾಡಿದ ಹೆಸರು ತಿರುಗಿ ಬಂದರೆ, ಲೈನ್‌ಮ್ಯಾನ್‌ಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು. ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲೂ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಗಿರಾಕಿಗಳಿಗೆ ವೈಫೈ ಕೊಡಲೇಬೇಕು ಅನ್ನೋರು ಗೆಸ್ಟ್ ನೆಟ್‌ವರ್ಕ್‌ಗೆ ಪಾಸ್‌ವರ್ಡ್ ಹಾಕಿ ಕೊಡಲಿ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ಇರೋ ನೆಟ್‌ವರ್ಕ್‌ನ ಪಾಸ್‌ವರ್ಡ್ ಮಾತ್ರ ಯಾರಿಗೂ ಬೇಡ.