ಮದರಾಸಿನ ಸರಕುಗಾಡಿ: ಪೆಟ್ರೋಲೋ, ವಿದ್ಯುತ್ತೋ?

ಸಣ್ಣ ಸರಕುಗಾಡಿಗಳ ಮುಂದಿನ ದಿನಗಳು ಪೆಟ್ರೋಲಿಗೆ ಸೇರಿದವೋ ವಿದ್ಯುತ್ತಿಗೆ ಸೇರಿದವೋ ಎಂಬ ಚರ್ಚೆ ಇತ್ತೀಚೆಗೆ ಹುಟ್ಟಿದ್ದೆಂದು ತೋರಬಹುದು. ಚೆನ್ನೈನ ಮಟ್ಟಿಗೆ ಅದು ನೂರಮೂವತ್ತು ವರ್ಷ ಹಳೆಯದು. ಈ ಊರಿನ ಬೀದಿಗೆ ಮೊದಲು ಬಂದದ್ದು ವಿದ್ಯುತ್ತು. ಪೆಟ್ರೋಲು ಬಂದದ್ದು ಆಮೇಲೆ.

1895ರ ಮೇ 7ರಂದು ಮದರಾಸಿನಲ್ಲಿ ವಿದ್ಯುತ್ ಟ್ರಾಮು ಓಡಿತು. ಭಾರತದಲ್ಲಿ ಅದೇ ಮೊದಲನೆಯದು. ಆ ಹೊತ್ತಿಗೆ ಲಂಡನ್ನಿನಲ್ಲಿ ಟ್ರಾಮುಗಳನ್ನು ಇನ್ನೂ ಕುದುರೆಗಳೇ ಎಳೆಯುತ್ತಿದ್ದವು. ಕಲ್ಕತ್ತೆಗೆ ವಿದ್ಯುತ್ ಟ್ರಾಮು ಬರಲು 1902ರವರೆಗೆ ಕಾಯಬೇಕಾಯಿತು. ಮದರಾಸಿನ ಟ್ರಾಮು ಬಂದರಿನ ಕಡೆಯಿಂದ ಊರೊಳಕ್ಕೆ ಜನರನ್ನಷ್ಟೇ ಅಲ್ಲ, ಸರಕನ್ನೂ ಹೊತ್ತಿತು. ಮೊದಲಿಗೆ ತಂತಿ ತಲೆಯ ಮೇಲಿರಲಿಲ್ಲ. ಹಳಿಗಳ ನಡುವೆ ನೆಲದಲ್ಲಿ ಕೊರೆದ ಕಾಲುವೆಯಿಂದ ಗಾಡಿ ವಿದ್ಯುತ್ತನ್ನು ಪಡೆಯುತ್ತಿತ್ತು. ಮಳೆಗಾಲದಲ್ಲಿ ಆ ಕಾಲುವೆಗೆ ನೀರು ನುಗ್ಗಿತು. ಕಂಪನಿ ಅದನ್ನು ಕೈಬಿಟ್ಟು ಕಂಬ ನೆಟ್ಟು ತಂತಿ ಎಳೆಯಬೇಕಾಯಿತು. ನೀರು ನಿಲ್ಲುವ ಊರಿನಲ್ಲಿ ವಿದ್ಯುತ್ ಗಾಡಿಯನ್ನು ನಂಬಬಹುದೇ ಎಂದು 2023ರ ಡಿಸೆಂಬರಿನ ಚಂಡಮಾರುತದ ಬಳಿಕ ಕೇಳಿದವರು ಈ ಮೊದಲ ಪಾಠವನ್ನು ತಿಳಿದಿರಲಾರರು.

1921ರ ಹೊತ್ತಿಗೆ ಸುಮಾರು 24 ಕಿಲೋಮೀಟರ್ ಹಳಿಯ ಮೇಲೆ 97 ಟ್ರಾಮುಗಳು ಓಡುತ್ತಿದ್ದವು. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತ್ಯದಲ್ಲಿದ್ದ ಕಾಲ ಅದು. ಓದಿಗೆಂದೋ ಹೈಕೋರ್ಟಿನ ಕೆಲಸಕ್ಕೆಂದೋ ಹೋಟೆಲಿನ ದುಡಿಮೆಗೆಂದೋ ಅಲ್ಲಿಗೆ ಹೋದ ಕನ್ನಡಿಗರಿಗೂ ಊರೆಂದರೆ ಟ್ರಾಮಿನ ಗಂಟೆಯೇ. 1953ರ ಏಪ್ರಿಲ್ 12ರಂದು ಆ ಗಂಟೆ ನಿಂತಿತು.

ವಿದ್ಯುತ್ತು ಸೋತದ್ದು ಯಂತ್ರ ಕೆಟ್ಟದ್ದರಿಂದಲ್ಲ. ಟ್ರಾಮಿನ ಕಂಪನಿ ಹಳಿ ಹಾಸಬೇಕು, ತಂತಿ ಕಾಯಬೇಕು, ಹಳಿಗಳ ನಡುವಣ ರಸ್ತೆಯನ್ನೂ ಸುಸ್ಥಿತಿಯಲ್ಲಿಡಬೇಕು. ಬಸ್ಸು, ಲಾರಿಗಳ ಒಡೆಯನಿಗೆ ಸರ್ಕಾರ ಹಾಕಿದ ರಸ್ತೆ ಸಿದ್ಧವಾಗಿತ್ತು. ಪೆಟ್ರೋಲನ್ನು ಡಬ್ಬಿಯಲ್ಲಿ ಹೊತ್ತು ತಂತಿಯೇ ಇಲ್ಲದ ಗಲ್ಲಿಗೂ ನುಗ್ಗಬಹುದಾಗಿತ್ತು. ಅದೇ ನಗರದಲ್ಲಿ 1931ರಲ್ಲಿ ಬೀಚ್ ನಿಲ್ದಾಣದಿಂದ ತಾಂಬರಕ್ಕೆ ಆರಂಭವಾದ ವಿದ್ಯುತ್ ರೈಲು ಇಂದಿಗೂ ಓಡುತ್ತಿದೆ. ಅಲ್ಲಿ ಹಾದಿ ರೈಲ್ವೆಯದೇ.  ಯಾವ ಎಂಜಿನ್ ಗೆದ್ದಿತು ಎಂದು ಕೇಳುವ ಮೊದಲು ಇಂಧನವನ್ನು ಗಾಡಿಯವರೆಗೆ ಮುಟ್ಟಿಸುವ ಖರ್ಚನ್ನು ಯಾರು ಹೊತ್ತರು ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಪೆಟ್ರೋಲಿನ ಆಳ್ವಿಕೆಯಾದರೂ ನೆಮ್ಮದಿಯದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ರೇಷನ್ ಬಂದಾಗ ದಕ್ಷಿಣದ ಬಸ್ಸು ಲಾರಿಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಿದವು, ಮದುರೆಯ ಟಿ.ವಿ.ಎಸ್. ಸಂಸ್ಥೆ ಅಂಥ ಗ್ಯಾಸ್ ಪ್ಲಾಂಟನ್ನು ತಾನೇ ತಯಾರಿಸಿತು. ನಮ್ಮ ಹಿರಿಯರ ಮಾತಿನಲ್ಲಿ ಬರುವ ಇದ್ದಿಲು ಬಸ್ಸು ಇದೇ. ಯುದ್ಧ ಮುಗಿದ ಮೇಲೆ ಸರಕು ಡೀಸೆಲಿಗೆ ಹೊರಳಿತು. 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟರ್ಸ್, ಲೇಲ್ಯಾಂಡಿನ ಕೈಹಿಡಿದು 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಎಣ್ಣೂರಿನ ಅದರ ಕಾರ್ಖಾನೆಯಿಂದ ಹೊರಬಿದ್ದ ಡೀಸೆಲ್ ಲಾರಿಗಳು ದೊಡ್ಡ ಹೊರೆಯನ್ನು ಪೆಟ್ರೋಲಿನಿಂದ ಕಿತ್ತುಕೊಂಡವು.

ಆದರೆ ಲಾರಿ ಹೋಗದ ಸಂದಿಯ ಕಥೆ ಬೇರೆ. ಕೊತ್ತವಾಲ್ ಚಾವಡಿಯ ತರಕಾರಿ ಅಲ್ಲಿಂದ ಹೊರಟದ್ದು ತಲೆಹೊರೆಯಲ್ಲಿ, ಕೈಗಾಡಿಯಲ್ಲಿ. 1996ರಲ್ಲಿ ಸಗಟು ಮಾರುಕಟ್ಟೆ ಕೋಯಂಬೇಡಿಗೆ ಹೋದ ಮೇಲೆ ದೂರಗಳು ಬೆಳೆದವು, ಹೊರೆ ಮಾತ್ರ ಚಿಕ್ಕದಾಗಿಯೇ ಉಳಿಯಿತು. ಚೆನ್ನೈನವರು ‘ಮೀನ್‌ಬಾಡಿ ವಂಡಿ’ ಎಂದು ಕರೆಯುವ ಮೂರು ಚಕ್ರದ ಗಾಡಿಯನ್ನು ಬಲ್ಲವರು ಬಲ್ಲರು. ಮೊದಲು ತುಳಿಯುವ ಗಾಡಿ. ಆಮೇಲೆ ಯಾರೋ ಅದಕ್ಕೆ ಹಳೆಯ ದ್ವಿಚಕ್ರ ವಾಹನದ ಎಂಜಿನ್ ಕಟ್ಟಿದರು. ಕಾಯಿದೆಯ ಕಣ್ಣಿಗೆ ಅದು ಸಲ್ಲದ ಗಾಡಿ. ಆದರೂ ಕಬ್ಬಿಣದ ಸರಳು, ಮೀನಿನ ಬುಟ್ಟಿ, ಮಂಜುಗಡ್ಡೆ, ಎಲ್ಲವೂ ಅದರ ಮೇಲೆ ಸಾಗಿದವು. ಕೆಟ್ಟರೆ ಪುದುಪೇಟೆಯಲ್ಲಿ ಹಳೆಯ ಬಿಡಿಭಾಗ ಸಿಗುತ್ತದೆ, ಕೂಡಿಸುವ ಮೇಸ್ತ್ರಿಯೂ ಸಿಗುತ್ತಾನೆ. ಪೆಟ್ರೋಲ್ ಎಂಜಿನ್ನಿನ ನಿಜವಾದ ಬಲ ಇಲ್ಲಿದೆ: ಬಡವನೂ ಅದನ್ನು ಬಿಚ್ಚಿ ಕಟ್ಟಬಲ್ಲ.

2005ರಲ್ಲಿ ಟಾಟಾ ಏಸ್ ಬಂತು. ಉತ್ತರದವರು ಅದನ್ನು ಛೋಟಾ ಹಾಥಿ ಎಂದರು, ತಮಿಳರು ‘ಕುಟ್ಟಿ ಯಾನೈ’ ಎಂದರು. ಎರಡೂ ಒಂದೇ, ಮರಿಯಾನೆ. ಅದರ ಹೊಟ್ಟೆಯಲ್ಲಿದ್ದದ್ದು ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಕೋಯಂಬೇಡಿನ ಬಾಗಿಲಲ್ಲಿ ಸಾಲುಗಟ್ಟಿದ ಈ ಮರಿಯಾನೆಗಳಲ್ಲಿ ಹಲವಕ್ಕೆ ಒಡೆಯನೂ ಚಾಲಕನೂ ಒಬ್ಬನೇ, ಸಾಲದ ಕಂತು ಕಟ್ಟುವವನೂ ಅವನೇ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಹೊಗೆ ನಿಯಮ ಜಾರಿಗೆ ಬಂದಾಗ, ಸಣ್ಣ ಡೀಸೆಲ್ ಎಂಜಿನ್ನನ್ನು ಶುದ್ಧಗೊಳಿಸುವ ಸಲಕರಣೆ ದುಬಾರಿಯಾಯಿತು. ಏಸ್ ಪೆಟ್ರೋಲಿನಲ್ಲೂ ಬಂತು. ಮಾರುತಿಯ ಸೂಪರ್ ಕ್ಯಾರಿ ಡೀಸೆಲನ್ನೇ ಕೈಬಿಟ್ಟಿತು. ಮುಗಿಯಿತೆಂದುಕೊಂಡ ಪೆಟ್ರೋಲು ಸರಕುಗಾಡಿಗೆ ಮರಳಿದ್ದು ಹೀಗೆ, ವಿದ್ಯುತ್ತಿನ ಮಾತು ಜೋರಾಗುತ್ತಿದ್ದ ವರ್ಷದಲ್ಲೇ. ಅದೇ 2020ರಲ್ಲಿ ಮಹೀಂದ್ರದ ಟ್ರಿಯೋ ಜೋರ್ ಎಂಬ ವಿದ್ಯುತ್ ಲಗೇಜ್ ಆಟೋ ಬಂತು. ಅದರ ಬೇರು ಬೆಂಗಳೂರಿನಲ್ಲಿದೆ: 2001ರಲ್ಲಿ ಅಲ್ಲಿ ರಸ್ತೆಗಿಳಿದ ರೇವಾ ಕಾರಿನ ಸಂಸ್ಥೆಯನ್ನು ಮಹೀಂದ್ರ 2010ರಲ್ಲಿ ಕೊಂಡಿತ್ತು. 2022ರ ಮೇ ತಿಂಗಳಲ್ಲಿ ವಿದ್ಯುತ್ ಏಸ್ ಬಂತು.

ಅದೇ ವರ್ಷ ಅಮೆರಿಕದಲ್ಲಿ ಫೋರ್ಡ್ ತನ್ನ ಎಫ್-150 ಪಿಕಪ್ಪಿನ ವಿದ್ಯುತ್ ರೂಪವನ್ನು ಹೊರತಂದಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಫೋರ್ಡಿನ ಚಿಕ್ಕ ಬ್ಯಾಟರಿಯೇ 98 ಕಿಲೋವ್ಯಾಟ್-ಗಂಟೆಯದು, ಏಸಿನದು 21.3. ಅಲ್ಲಿಯ ಪಿಕಪ್ಪು ದೋಣಿಯನ್ನೋ ಗಾಲಿಮನೆಯನ್ನೋ ಎಳೆಯುತ್ತ ನೂರಾರು ಮೈಲಿ ಹೋಗಬೇಕೆಂದು ಒಡೆಯ ಬಯಸುತ್ತಾನೆ. ಭಾರ ಎಳೆದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ನಮ್ಮ ಮರಿಯಾನೆ ಕೋಯಂಬೇಡಿನಿಂದ ಹೊರಟು ಮೈಲಾಪುರದ ಅಂಗಡಿಗಳಿಗೆ ಟೊಮೆಟೊ ಇಳಿಸಿ ಮರಳುತ್ತದೆ. ಆ ಟೊಮೆಟೊ ಕೋಲಾರದಿಂದ ರಾತ್ರಿಯೆಲ್ಲ ಡೀಸೆಲ್ ಲಾರಿಯಲ್ಲಿ ಬಂದದ್ದಿರಬಹುದು, ಅದು ಬೇರೆ ಮಾತು. ಗೊತ್ತಾದ ಸುತ್ತು, ಹೆಜ್ಜೆಹೆಜ್ಜೆಗೂ ನಿಲುಗಡೆ. ಬ್ರಿಟನ್ನಿನಲ್ಲಿ ಹಾಲು ಹಂಚುವ ವಿದ್ಯುತ್ ಗಾಡಿಗಳು ದಶಕಗಟ್ಟಲೆ ಬಾಳಿದ್ದು ಇಂಥದೇ ಸುತ್ತಿನ ಬಲದಿಂದ. ಹಾಗಾಗಿ ವಿದ್ಯುತ್ ಪಿಕಪ್ಪಿನ ಭವಿಷ್ಯವನ್ನು ಅಮೆರಿಕದ ಹೆದ್ದಾರಿಗಿಂತ ನಮ್ಮ ತರಕಾರಿ ಪೇಟೆಗಳಲ್ಲಿ ಹುಡುಕುವುದೇ ಸರಿ.

ಹೊಗೆಯ ಲೆಕ್ಕ ಅಷ್ಟು ಸರಳವಲ್ಲ. ಚೆನ್ನೈನ ಉತ್ತರದ ಅಂಚಿಗೆ ಹೋದರೆ ಈ ವಾದದ ಎರಡೂ ಪಕ್ಷಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಮಣಲಿಯಲ್ಲಿ 1969ರಿಂದ ತೈಲ ಶುದ್ಧೀಕರಣಾಗಾರ. ಎಣ್ಣೂರಿನ ಸುತ್ತ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು. ಸ್ಥಾವರದ ಬೂದಿ ವರ್ಷಗಳಿಂದ ಕೊಸಸ್ತಲೈ ನದಿಯ ಹಿನ್ನೀರಿಗೆ ಸೇರುತ್ತ ಬಂದಿದೆ. 2023ರ ಡಿಸೆಂಬರಿನ ಪ್ರವಾಹದಲ್ಲಿ ಮಣಲಿಯ ಕಡೆಯಿಂದ ಹರಿದ ತೈಲ ಅದೇ ಹಿನ್ನೀರಿನಲ್ಲಿ ದೋಣಿ, ಬಲೆಗಳಿಗೆ ಮೆತ್ತಿಕೊಂಡಿತು. ಎಣ್ಣೂರಿನ ಮೀನುಗಾರನ ಪಾಲಿಗೆ ಪೆಟ್ರೋಲು, ವಿದ್ಯುತ್ತು ಎರಡೂ ಒಂದೇ ನೀರಿಗೆ ಬಂದು ಬೀಳುತ್ತವೆ. ಮೈಲಾಪುರದ ಗಾಳಿ ತಿಳಿಯಾಗುವುದಕ್ಕೆ ಎಣ್ಣೂರು ತೆರುವ ಬೆಲೆಯನ್ನು ವಿದ್ಯುತ್ತಿನ ಪರ ವಾದಿಸುವವರು ಅಪರೂಪಕ್ಕೆ ಎತ್ತುತ್ತಾರೆ.

ತಮಿಳುನಾಡಿನಲ್ಲಿ ಗಾಳಿಯ ವಿದ್ಯುತ್ತೂ ಬಿಸಿಲಿನ ವಿದ್ಯುತ್ತೂ ಸಾಕಷ್ಟಿವೆ. ಬಿಸಿಲಿನದು ಸಿಗುವುದು ಹಗಲಿನಲ್ಲಿ. ಕೋಯಂಬೇಡಿನ ವಹಿವಾಟು ನಡುರಾತ್ರಿಯ ಬಳಿಕ ಏರಿ ಬೆಳಗಿಗೆ ಇಳಿಯುವುದರಿಂದ, ಮರಿಯಾನೆಗೆ ಬಿಡುವು ಸಿಗುವುದೂ ನಡುಹಗಲಿಗೇ. ಬ್ಯಾಟರಿ ತುಂಬಲು ಇದಕ್ಕಿಂತ ಹದವಾದ ಹೊತ್ತು ಇಲ್ಲ. ಆದರೆ ಆ ಹೊತ್ತಿನಲ್ಲಿ ಗಾಡಿ ನಿಂತಿರುವುದು ಎಲ್ಲಿ? ಬೀದಿಯ ಬದಿಯ ಬೇವಿನ ನೆರಳಿನಲ್ಲಿ. ಒಡೆಯನದು ಬಾಡಿಗೆ ಮನೆ, ಮೀಟರು ಮನೆಮಾಲೀಕನದು. ವಿದ್ಯುತ್ ಏಸ್ ಬಂದಾಗ ಅದರ ಬೆಲೆ ₹9.99 ಲಕ್ಷ, ಪೆಟ್ರೋಲ್ ಏಸಿನ ದುಪ್ಪಟ್ಟಿನ ಹತ್ತಿರ. ಅಷ್ಟು ಸಾಲ ಹುಟ್ಟಿದರೂ, ಹಿಂದೆ ಟ್ರಾಮು ಕಂಪನಿ ತಾನೇ ಎಳೆದ ತಂತಿಯನ್ನು ಆ ಬೇವಿನ ಮರದವರೆಗೆ ಎಳೆಯುವವರು ಈಗ ಬೇಕು. ದೊಡ್ಡ ವ್ಯಾಪಾರಿ ಕಂಪನಿಗಳು ತಮ್ಮ ಗೋದಾಮಿನ ಅಂಗಳದಲ್ಲೇ ಚಾರ್ಜಿಂಗ್ ಏರ್ಪಾಡು ಮಾಡಿಕೊಳ್ಳಬಲ್ಲವು. ಒಂದೇ ಗಾಡಿಯವನು ಸದ್ಯಕ್ಕೆ ಪೆಟ್ರೋಲ್ ಬಂಕಿನ ಸಾಲಿನಲ್ಲೇ ನಿಂತಿದ್ದಾನೆ.