ಗಣಿ ಕಾರ್ಮಿಕನ ಪರವಾಗಿ ನಿಂತವರು

ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆಯ ವ್ಯವಸ್ಥೆ ಮಾಡಿದ್ದು 1891ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಮೂರು ವರ್ಷಗಳ ನಂತರ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. ಅಲ್ಲಿನ ಕೋಲಾರ ಚಿನ್ನದ ಗಣಿಗಳಲ್ಲಿ ದುಡಿಯುತ್ತಿದ್ದವರಿಗೆ ಮಾತ್ರ ಆ ವಿಮೆ ಸಿಗುವಂತಿರಲಿಲ್ಲ. ಅವರು ಸರ್ಕಾರಿ ನೌಕರರಲ್ಲ, ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಲಂಡನ್ ಕಂಪನಿಗಳ ಕೂಲಿಗಳು. ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು. ಅನೇಕರಿಗೆ ಕಂಪನಿಗಿಂತ ಹತ್ತಿರದ ಧಣಿ ಕಂತ್ರಾಟುದಾರ.

ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ 1923ರಲ್ಲಿ ಬಂತು. ಕೆಲಸದ ವೇಳೆ ಅಪಘಾತವಾದರೆ ಮಾಲೀಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸದೆಯೇ ಪರಿಹಾರ ಕೇಳಬಹುದೆಂಬುದು ಅದರ ತಿರುಳು. ಸತ್ತವರ ಪರಿಹಾರವನ್ನು ಮಾಲೀಕ ಕಮಿಷನರ್ ಬಳಿ ಠೇವಣಿ ಇಡಬೇಕಿತ್ತು. ಅವಲಂಬಿತರಿಗೆ ಅಲ್ಲಿಂದಲೇ ಹಂಚಿಕೆ. ಕಮಿಷನರ್ ಮುಂದೆ ವಕೀಲರಂತೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಹಾಜರಾಗಲು ಮುಂದೆ ಅವಕಾಶವಾಯಿತು. ಓದುಬರಹ ಬಾರದ ವಿಧವೆಗೆ ಇದಕ್ಕಿಂತ ದೊಡ್ಡ ಆಸರೆ ಕಾಯ್ದೆಯಲ್ಲಿ ಬೇರೊಂದಿರಲಿಲ್ಲ. ಮಸ್ಟರ್ ರೋಲಿನಲ್ಲಿ ಒಂದು ಹೆಸರು, ಊರಿನ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನು ಹೊಂದಿಸಿ ಅರ್ಜಿ ಬರೆಯಲು ಯಾರಾದರೂ ಬೇಕೇ ಬೇಕಿತ್ತು.

ಬಂಡೆ ಸಿಡಿದು ಸತ್ತವರ ಲೆಕ್ಕ ಅಂದೇ ಸಿಗುತ್ತಿತ್ತು. ದೂಳಿನಿಂದ ಸಾಯುವವರದು ಹಾಗಲ್ಲ. ಕಲ್ಲು ಕೊರೆಯುವಾಗ ಏಳುವ ದೂಳು ಶ್ವಾಸಕೋಶದಲ್ಲಿ ಕೂತು, ವರ್ಷಗಟ್ಟಲೆ ಕಾದು, ಉಸಿರನ್ನು ಹಿಡಿಯುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಈ ಗಣಿಗಳಿಂದಲೇ. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡಿತು. ಇಂಥ ರೋಗಕ್ಕೆ ಪರಿಹಾರ ಬೇಕಾದರೆ ಎಕ್ಸ್‌ರೇ ಬೇಕು, ಎಷ್ಟು ವರ್ಷ ನೆಲದಡಿ ದುಡಿದನೆಂಬ ದಾಖಲೆ ಬೇಕು. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಗಣಿಗಳನ್ನು ಹೊರಗಿಟ್ಟಿದ್ದರಿಂದ ಕಾರ್ಮಿಕರಿಗೆ ಆ ದಾರಿಯೂ ಇರಲಿಲ್ಲ.

1956 ಎರಡು ಬದಲಾವಣೆಗಳ ವರ್ಷ: ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ಇನ್ನು ಮುಂದೆ ಜೀವವಿಮೆಯೆಂದರೆ ಎಲ್‌ಐಸಿ ಏಜೆಂಟ್. ಮನೆಗೆ ಬರುತ್ತಿದ್ದ ಪರಿಚಿತನಾದರೂ ಆತ ನಿಗಮದ ಪ್ರತಿನಿಧಿ, ಗಿರಾಕಿಯ ಪ್ರತಿನಿಧಿಯಲ್ಲ.

ಗಿರಾಕಿಯ ಪರ ನಿಂತು ಹಲವು ಕಂಪನಿಗಳ ಪಾಲಿಸಿ ಹೋಲಿಸಿ ಕೊಡುವ, ಕ್ಲೇಮಿಗೂ ನೆರವಾಗುವ ಬ್ರೋಕರ್‌ಗೆ ಲೈಸೆನ್ಸ್ ಕೊಡುವ ನಿಯಮ ಬಂದದ್ದು 2002ರಲ್ಲಿ. ಈ ಗಣಿಗಳನ್ನು ಕೊನೆಗೆ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಅದರ ಹಿಂದಿನ ವರ್ಷ, 2001ರ ಫೆಬ್ರವರಿ 28ರಂದು, ಬಾಗಿಲು ಹಾಕಿತ್ತು. ಅತಿ ಹೆಚ್ಚು ಅಗತ್ಯವಿದ್ದ ಜನರಿಗೆ ಆ ಕಾನೂನು ತಡವಾಗಿ ಬಂತೆನ್ನದೆ ವಿಧಿಯಿಲ್ಲ.

ಈಗ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು, ಸಂಸ್ಥೆ ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ, ಇಎಸ್‌ಐಗೆ ಸೇರುತ್ತಾರೆ. ಅದಕ್ಕಿಂತ ಹೆಚ್ಚು ಸಂಬಳದವರಿಗೆ ಕಂಪನಿ ಗುಂಪು ಆರೋಗ್ಯ ವಿಮೆ ಮಾಡಿಸಿದ್ದರೆ, ಅದನ್ನು ಕೊಡಿಸಿದ ಬ್ರೋಕರ್‌ನನ್ನು ನೇಮಿಸಿದ್ದು ಕಂಪನಿ. ಸ್ವಂತಕ್ಕೆ ಬ್ರೋಕರ್ ಹುಡುಕುವವರು ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು, ಹಳೆಯ ಕಾಯಿಲೆಯನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಸಬೇಕು. ಮುಚ್ಚಿಟ್ಟ ಕಾಯಿಲೆಯ ಕಾರಣಕ್ಕೆ ಕ್ಲೇಮ್ ತಿರಸ್ಕಾರವಾಗಬಹುದು.