ಬ್ರಿಟನ್ನಿನ ಹಳೆಯ ನಾಣ್ಯಗಳು ಮತ್ತು ಟೋಕನ್‌ಗಳು: ಸಂಗ್ರಹಣೆ, ದರ್ಜೆ ಹಾಗೂ ಮೌಲ್ಯ ನಿರ್ಣಯ

ಹಳೆಯ ನಾಣ್ಯದ ಬೆಲೆಯನ್ನು ಕೇವಲ ಅದರ ವಯಸ್ಸಿನಿಂದ ನಿರ್ಧರಿಸಲಾಗದು. ಉಳಿದಿರುವ ಪ್ರತಿಗಳ ಸಂಖ್ಯೆ, ಲೋಹ, ಸವೆತದ ಪ್ರಮಾಣ ಹಾಗೂ ಕೊಳ್ಳುವವರ ಬೇಡಿಕೆ ಇವೇ ಮುಖ್ಯ ಆಧಾರಗಳು. ನಮ್ಮ ಮನೆಗಳಲ್ಲಿ ‘ಬ್ರಿಟಿಷರ ಕಾಲದ ನಾಣ್ಯ’ ಎನ್ನಲಾಗುವ ರೂಪಾಯಿ, ಆಣೆಗಳು ಬ್ರಿಟಿಷ್ ಇಂಡಿಯಾದವು. ಪ್ರಸ್ತುತ ಲೇಖನವು ಬ್ರಿಟನ್ನಿನಲ್ಲಿಯೇ ಚಲಾವಣೆಯಲ್ಲಿದ್ದ ಪೌಂಡ್, ಶಿಲ್ಲಿಂಗ್, ಪೆನ್ನಿಗಳಿಗೆ ಸಂಬಂಧಿಸಿದೆ. 1971ರ ಫೆಬ್ರವರಿ 15ರವರೆಗೆ ಅಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವಿತ್ತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿ ತಾಮ್ರದ ಚಿಲ್ಲರೆಯ ತೀವ್ರ ಅಭಾವವುಂಟಾಗಿ, ಖೋಟಾ ನಾಣ್ಯಗಳೂ ಹೆಚ್ಚಿದವು. 1787ರಲ್ಲಿ ಆಂಗಲ್ಸಿ ದ್ವೀಪದ ಪ್ಯಾರಿಸ್ ಗಣಿ ಕಂಪನಿಯು ಸ್ವಂತ ತಾಮ್ರದ ಟೋಕನ್‌ಗಳನ್ನು ಹೊರಡಿಸಿತು. ಅನೇಕ ವರ್ತಕರು ಇದನ್ನು ಅನುಸರಿಸಿದರು. ಟೋಕನ್ ಎಂಬುದು ವಾಸ್ತವವಾಗಿ ಲೋಹದ ಮೇಲಿನ ಹುಂಡಿ. ಎಲ್ಲಿ ಹಣ ಸಲ್ಲುವುದೆಂಬುದನ್ನು ಬಹುತೇಕ ಅಂಚಿನಲ್ಲಿಯೇ ಬರೆಯಲಾಗುತ್ತಿತ್ತು. ಆದುದರಿಂದ ಅಂಚನ್ನು ಓದದೆ ಬೆಲೆ ಕಟ್ಟಬಾರದು. ಇಪ್ಸ್‌ವಿಚ್‌ನ ಜೇಮ್ಸ್ ಕಾಂಡರ್ 1798ರಲ್ಲಿ ಇವುಗಳ ಪಟ್ಟಿಯನ್ನು ಪ್ರಕಟಿಸಿದ್ದರಿಂದ ಇವಕ್ಕೆ ‘ಕಾಂಡರ್ ಟೋಕನ್’ ಎಂಬ ಹೆಸರು ಉಳಿದಿದೆ.

1797ರಲ್ಲಿ ಮ್ಯಾಥ್ಯೂ ಬೋಲ್ಟನ್ ಅವರ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಒಂದು ಔನ್ಸ್ ತೂಕದ ಪೆನ್ನಿ ಮತ್ತು ಎರಡು ಔನ್ಸ್ ತೂಕದ ಎರಡು ಪೆನ್ನಿ ನಾಣ್ಯಗಳನ್ನು ಟಂಕಿಸಲಾಯಿತು. ಅಗಲವಾದ ಅಂಚುಪಟ್ಟಿಯಿಂದಾಗಿ ಇವನ್ನು ‘ಬಂಡಿಚಕ್ರ’ ಎನ್ನುತ್ತಾರೆ. ಇಷ್ಟು ಭಾರದ ನಾಣ್ಯವು ಕೆಳಗೆ ಬಿದ್ದರೆ ಅಂಚು ಜಜ್ಜದೆ ಇರುವುದಿಲ್ಲ; ಅಂಚು ಸರಿಯಿರುವ ಪ್ರತಿಗೆ ಹೆಚ್ಚಿನ ಬೆಲೆ ಬರುವುದು ಈ ಕಾರಣದಿಂದಲೇ. 1803ರಲ್ಲಿ ಮದರಾಸು ಪ್ರಾಂತ್ಯದ ತಾಮ್ರದ ಕಾಸುಗಳೂ ಇದೇ ಟಂಕಸಾಲೆಯಲ್ಲಿ ತಯಾರಾದವು. ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು.

ದರ್ಜೆಗಳ ಹೆಸರನ್ನು ಸಂಗ್ರಾಹಕರು ಇಂಗ್ಲಿಷಿನಲ್ಲಿಯೇ ಬಳಸುತ್ತಾರೆ. ಚಿತ್ರದ ಉಬ್ಬುಭಾಗಗಳು ಸಾಕಷ್ಟು ಸವೆದು, ಮುಖ್ಯ ರೇಖೆಗಳು ಸ್ಪಷ್ಟವಾಗಿದ್ದರೆ ‘ಫೈನ್’. ಕೂದಲಿನ ಎಳೆಗಳು ಬಹುಪಾಲು ಕಾಣುತ್ತಿದ್ದರೆ ‘ವೆರಿ ಫೈನ್’. ಸವೆತದ ಕುರುಹು ಮಾತ್ರವಿದ್ದರೆ ‘ಎಕ್ಸ್‌ಟ್ರೀಮ್ಲಿ ಫೈನ್’. ಚಲಾವಣೆಯ ಗುರುತೇ ಇಲ್ಲದಿದ್ದರೆ ‘ಅನ್‌ಸರ್ಕ್ಯುಲೇಟೆಡ್’. ಒಂದು ದರ್ಜೆಯ ವ್ಯತ್ಯಾಸದಿಂದ ಬೆಲೆಯು ಹಲವು ಪಟ್ಟು ಬದಲಾಗಬಹುದು. ಹುಣಸೆಹಣ್ಣು, ಸೀಗೆಪುಡಿ, ಹಲ್ಲುಪುಡಿಗಳಿಂದ ನಾಣ್ಯವನ್ನು ತಿಕ್ಕತಕ್ಕದ್ದಲ್ಲ. ಪೂಜಾಪಾತ್ರೆಗೆ ಒಪ್ಪುವ ಹೊಳಪು ನಾಣ್ಯಕ್ಕೆ ಒಪ್ಪುವುದಿಲ್ಲ. ಹಾಗೆ ಹೋದ ಮೇಲ್ಮೈ ಮರಳಿ ಬರುವುದಿಲ್ಲ.

ಬೆಳ್ಳಿಯ ನಾಣ್ಯಗಳಲ್ಲಿ ಇಸವಿಯನ್ನು ಮೊದಲು ನೋಡಬೇಕು. 1919ರವರೆಗಿನವುಗಳಲ್ಲಿ ಶೇ. 92.5, 1920ರಿಂದ 1946ರವರೆಗಿನವುಗಳಲ್ಲಿ ಶೇ. 50 ಬೆಳ್ಳಿಯಿದೆ; 1947ರಿಂದ ತಾಮ್ರ-ನಿಕಲ್ ಮಾತ್ರ. 14.14 ಗ್ರಾಂ ತೂಕದ ಹಾಫ್ ಕ್ರೌನ್‌ನಲ್ಲಿ 1919ರವರೆಗೆ ಸುಮಾರು 13 ಗ್ರಾಂ ಬೆಳ್ಳಿಯಿದ್ದರೆ, ಅನಂತರ 7 ಗ್ರಾಂ ಮಾತ್ರ. ಈ ಲೋಹಮೌಲ್ಯವು ಕನಿಷ್ಠ ಬೆಲೆಯೇ ಹೊರತು ಪೂರ್ಣ ಬೆಲೆಯಲ್ಲ. 1933ರ ಪೆನ್ನಿ ಬೆರಳೆಣಿಕೆಯಷ್ಟಿದ್ದು ಅತ್ಯಂತ ದುರ್ಲಭ. ಮೂರು ವರ್ಷ ಈಚಿನ 1936ರ ಪೆನ್ನಿ ಕೋಟಿಗಟ್ಟಲೆ ಟಂಕಿತವಾದುದರಿಂದ ಸಾಮಾನ್ಯ. ಚಿನ್ನದ ಸವರನ್ 22 ಕ್ಯಾರೆಟ್, 7.98 ಗ್ರಾಂ ತೂಕದ್ದು. 1918ರಲ್ಲಿ ಮುಂಬಯಿಯಲ್ಲಿ ಟಂಕಿಸಿದ ಸವರನ್‌ಗಳಲ್ಲಿ ಇಸವಿಯ ಮೇಲ್ಭಾಗದಲ್ಲಿ ಇಂಗ್ಲಿಷಿನ ‘ಐ’ ಅಕ್ಷರವಿರುತ್ತದೆ.

ಹನುಮಂತ, ಲಕ್ಷ್ಮಿ ಅಥವಾ ರಾಮ ಪಟ್ಟಾಭಿಷೇಕದ ಚಿತ್ರವಿದ್ದು, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದಿರುವ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿ ಬೆಲೆಯವೆಂದು ನಂಬಿಸುವವರಿದ್ದಾರೆ. ಕಂಪನಿಯು ಇಂತಹ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಹಳೆಯ ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಅಥವಾ ತೆರಿಗೆ ಕೇಳುವವರಿಗೆ ಬಲಿಯಾಗಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಮುಂಗಡ ಹಣ ಕೇಳುವ ಖರೀದಿದಾರನೊಂದಿಗೆ ವ್ಯವಹರಿಸತಕ್ಕದ್ದಲ್ಲ.

ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾವಸ್ತು ಮತ್ತು ಕಲಾ ನಿಧಿ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ದೊರೆತ ಹಳೆಯ ನಾಣ್ಯಗಳ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.